ಶಿಖರ್ಜಿಗಿಂತ ನೂರು ಅಡಿ ಮೇಲೆ

ನನ್ನ ಗಂಡ ತೀರಿಕೊಂಡು ಎಂಟು ತಿಂಗಳಾಯಿತು. ಮಾತಾಡಿಸಲು ಬರುವವರೆಲ್ಲ, ಅವರು ಜೀವಮಾನದಲ್ಲಿ ಒಂದು ಸುಳ್ಳು ಹೇಳಿದವರಲ್ಲ ಎಂದು ಹೇಳಿ, ಚಹಾ ಕುಡಿದು ಹೋಗುತ್ತಾರೆ. ನಾನು ತಲೆ ಅಲ್ಲಾಡಿಸುತ್ತೇನೆ. ನನಗೆ ಗೊತ್ತಿರುವ ಸುಳ್ಳುಗಳೇ ಹನ್ನೆರಡೋ ಹದಿಮೂರೋ ಇವೆ. ಹೆಚ್ಚಿನವು ಅಥಣಿಯ ಒಂದು ಹೋಟೆಲಿನ ಉಳ್ಳಾಗಡ್ಡಿ ಭಜಿಗೆ ಸಂಬಂಧಪಟ್ಟವು. ನಮ್ಮದು ಜೈನರ ಮನೆ. ಉಳ್ಳಾಗಡ್ಡಿ ಹೊಸ್ತಿಲು ದಾಟಿ ಬರುವುದಿಲ್ಲ, ಆದ್ದರಿಂದ ಇವರೇ ಹೊಸ್ತಿಲು ದಾಟಿ ಅದನ್ನು ನೋಡಿ ಬರುತ್ತಿದ್ದರು. ಆ ಸುಳ್ಳುಗಳನ್ನೆಲ್ಲ ಅವರ ಜೊತೆಗೇ ಕಳಿಸಿಬಿಟ್ಟೆ.

ಒಂದು ಮಾತ್ರ ನನ್ನ ಹತ್ತಿರ ಉಳಿದುಕೊಂಡಿತು. ಅದರಲ್ಲಿ ನನ್ನ ಪಾಲೂ ಇತ್ತು. ಹನ್ನೊಂದು ವರ್ಷದ ಹಿಂದೆ ನಾವಿಬ್ಬರೂ ಸೇರಿ ಅತ್ತೆಯ ವ್ರತವೊಂದನ್ನು ಅವರಿಗೆ ತಿಳಿಯದ ಹಾಗೆ ಮುರಿದಿದ್ದೆವು.

ಬಂದ ಹೆಂಗಸರು ಅತ್ತೆಯ ಕೈ ಹಿಡಿದುಕೊಂಡು, "ಇಷ್ಟ ನೇಮದಿಂದ ಇದ್ದಾಕಿ ನೀ, ನಿಂಗ ಇಂಥಾ ಕರ್ಮ ಯಾಕ ಬಂತವ್ವಾ?" ಎಂದು ಕೇಳುತ್ತಾರೆ. ನಾನು ಫರಸಿಯ ಮೇಲಿನ ಬಿರುಕು ನೋಡುತ್ತಾ ಕೂಡುತ್ತೇನೆ. ಅತ್ತೆಗೆ ನಿಜ ಹೇಳಿದರೆ, ಆ ಮುರಿದ ವ್ರತವನ್ನು ಮಗನ ಸಾವಿಗೆ ಗಂಟು ಹಾಕಿಬಿಟ್ಟಾರು ಎಂದು ಹೆದರಿಕೆ. ಹೇಳದೆ ಹೋದರೆ, ಎಪ್ಪತ್ತೈದು ದಾಟಿದ ಹೆಂಗಸು ಇಲ್ಲದ ಪುಣ್ಯವನ್ನು ಇದೆ ಎಂದು ನಂಬಿಕೊಂಡೇ ಹೋಗುತ್ತಾರೆ. ಎಂಟು ತಿಂಗಳು ಇದೇ ಆಯಿತು.

ಎಲ್ಲಕ್ಕೂ ಮೂಲ ಒಂದು ಫೋಟೋ.

ನಮ್ಮ ಮಾವನ ಅಣ್ಣನ ಮಗ ನಿಪ್ಪಾಣಿಯಲ್ಲಿ ತಂಬಾಕಿನ ವ್ಯಾಪಾರಿ. ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಅವನು ಸಿಂಗಾಪುರಕ್ಕೆ ಹೋಗಿ ಬಂದ. ಅರ್ಧ ಚಡ್ಡಿ ಹಾಕಿಕೊಂಡು, ತಲೆಯ ಮೇಲೆ ಒಂದು ಬಣ್ಣದ ಹಕ್ಕಿ ಕೂರಿಸಿಕೊಂಡು ತೆಗೆಸಿದ ಫೋಟೋವನ್ನು ದೊಡ್ಡದು ಮಾಡಿಸಿ, ಒಂದು ಮದುವೆಗೆ ತಂದಿದ್ದ. ಮದುವೆಗೆ ಬಂದವರು ವಧುವರರಿಗಿಂತ ಆ ಹಕ್ಕಿಯನ್ನು ಹೆಚ್ಚು ನೋಡಿದರು. ನನ್ನ ಗಂಡ, "ಮಕ್ಕಳನ್ನ ಯಾಕ ಕರ್ಕೊಂಡ ಹೋಗ್ಲಿಲ್ಲ?" ಎಂದು ಕೇಳಿದರು.

"ಲೇ ತಮ್ಮಾ, ಸಣ್ಣ ಹುಡುಗ್ರನ್ನ ಕಟ್ಕೊಂಡ ಪರದೇಶಕ್ಕ ಹೋಗಾಕ ಬರೂದಿಲ್ಲ," ಎಂದ ಅವನು. "ಅದರಾಗ ನಿನ್ನ ಮಗಳನ್ನ ಕರ್ಕೊಂಡ ಹೋದ್ರ ಅರ್ಧಾ ದಾರ್ಯಾಗ ವಿಮಾನ ನಿಲ್ಲಿಸಿ ಇಳಿರಿ ಅಂತಾರ."

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆಗ ನಾಲ್ಕು ವರ್ಷದವಳಾಗಿದ್ದ ನಮ್ಮ ಮಗಳು ಅದೇ ಹೊತ್ತಿಗೆ ಮದುಮಗನ ಬಾಸಿಂಗದ ಮುತ್ತು ಕೀಳುತ್ತಿದ್ದಳು. ಆದರೆ ಇವರಿಗೆ ರೋಷ ಬಂತು. "ಮಗಳನ್ನೂ ಕರ್ಕೊಂಡ ಹೋಗಿ ತೋರಸ್ತೀನಿ. ಬರೂ ಬ್ಯಾಸಿಗಿಗೆ," ಎಂದರು. ನಾನು ಊಟದ ಪಂಕ್ತಿಯಿಂದಲೇ ಕೇಳಿಸಿಕೊಂಡೆ. ಮನೆಗೆ ಬರುವಷ್ಟರಲ್ಲಿ ಮರೆತಾರು ಎಂದುಕೊಂಡೆ. ಮರೆಯಲಿಲ್ಲ.

ಕಾಗವಾಡದ ಹತ್ತಿರ ನಮ್ಮದು ಕಬ್ಬು, ದ್ರಾಕ್ಷಿ. ದ್ರಾಕ್ಷಿ ಬೆಳೆಯುವವರ ಮನೆಯ ಗೋಡೆಯ ಮೇಲೆ ದೇವರ ಫೋಟೋ ಇರದಿದ್ದರೂ ಔಷಧ ಹೊಡೆಯುವ ತಖ್ತೆಯ ಕಾಗದ ಇರುತ್ತದೆ. ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವುದು ಮುಗಿದ ಮೇಲೆ ಎಷ್ಟನೇ ದಿನ ಯಾವ ಔಷಧ, ಎಷ್ಟು ಪ್ರಮಾಣ ಎಂದೆಲ್ಲ ಅದರಲ್ಲಿ ಬರೆದಿರುತ್ತಾರೆ. ನನ್ನ ಗಂಡನಿಗೆ ಜಗತ್ತಿನಲ್ಲಿ ನಂಬಿಕೆ ಇದ್ದದ್ದು ಅದೊಂದರ ಮೇಲೆ. ಹಳೆಯ ತಖ್ತೆಯ ಹಿಂಬದಿಗೆ ಪಟ್ಟಿ ಎಳೆದು ಮಗಳಿಗಾಗಿ ಹೊಸದೊಂದನ್ನು ಬರೆದರು.

"ರೋಗ ಬಂದ ಮ್ಯಾಲ ಹೊಡದ್ರ ಉಪಯೋಗಿಲ್ಲ," ಎಂದು ನನಗೆ ತಿಳಿಸಿ ಹೇಳಿದರು. "ಬರೂಕಿಂತ ಮೊದ್ಲ ಹೊಡೀಬೇಕು. ಹುಡುಗಿ ಅಳೂದೂ ಹಂಗ."

ಪಟ್ಟಿಯಲ್ಲಿ ಮೂರು ಕಾಲಂ ಇದ್ದವು: ತಾಸು, ಲಕ್ಷಣ, ಉಪಾಯ. ಕಾಲು ಅಲ್ಲಾಡಿಸಿದರೆ ಕಾಗದದ ಗಿರಿಗಿಟ್ಟಿ. ಕೆಳತುಟಿ ಹೊರಗೆ ಬಂದರೆ ಪೇಪರಮಿಂಟು ಒಂದು, ಹತೋಟಿಗೆ ಬಾರದಿದ್ದರೆ ಎರಡು ಪಟ್ಟು. "ನಾ ಒಲ್ಲೆ" ಎಂಬುದು ಎರಡಕ್ಕಿಂತ ಹೆಚ್ಚು ಸಲ ಬಂದರೆ ತಾಯಿಯ ಕೈಗೆ ಕೊಡುವುದು. ಆ ಕೊನೆಯ ಉಪಾಯ ಮಾತ್ರ ಪಟ್ಟಿಯಲ್ಲಿ ಏಳು ಕಡೆ ಇತ್ತು.

ಪರದೇಶಕ್ಕೆ ಹೋಗುವ ಮೊದಲು ತಾಲೀಮು ಬೇಡವೇ? ಒಂದು ರವಿವಾರ ನಾವು ಮೂವರು ರಾಯಬಾಗದ ಬಸ್ಸು ಹತ್ತಿದೆವು. ಇವರ ಅಂಗಿಯ ಕಿಸೆಯಲ್ಲಿ ತಖ್ತೆ, ಚೀಲದಲ್ಲಿ ಉಪಾಯಗಳು. ಉಗಾರ ಖುರ್ದ ಬರುವುದರೊಳಗೆ ನಾಲ್ಕು ತಾಸಿನ ಉಪಾಯಗಳು ಮುಗಿದವು. ಅಲ್ಲಿ ಕಾರ್ಖಾನೆಗೆ ಹೋಗುವ ಕಬ್ಬಿನ ಗಾಡಿಗಳು ರಸ್ತೆಗೆ ಅಡ್ಡ ನಿಂತಿದ್ದವು. ಮಗಳು ಕಿಟಕಿಯಿಂದ ಅರ್ಧ ಹೊರಗೆ ಜೋತುಬಿದ್ದು ಒಂದು ಗಳ ಕಬ್ಬು ಎಳೆದುಕೊಂಡಳು. ಅದು ಬಸ್ಸಿನೊಳಗೆ ಬರಲಿಲ್ಲ, ಅವಳು ಬಿಡಲಿಲ್ಲ, ಬಸ್ಸು ಹೊರಟಿತು. ಮುಂದಿನ ಸೀಟಿನ ಮುದುಕರೊಬ್ಬರ ತಲೆಯ ಪಟಕ ಬಿಚ್ಚಿ ಬಿತ್ತು. ಕುಡಚಿಯಲ್ಲಿ ಕಂಡಕ್ಟರ್ ನಮ್ಮ ಕಡೆ ನೋಡಿ, "ಎಲ್ಲಿತನಾ ಹೊಂಟೀರಿ?" ಎಂದ.

"ಸಿಂಗಾಪುರಕ್ಕ," ಎಂದೆ ನಾನು.

"ಇಲ್ಲೇ ಇಳೀರಿ," ಎಂದ.

ಎರಡನೇ ತಾಲೀಮಿಗೆ ಅತ್ತೆಯೂ ಬಂದರು. ಅವರಿಗೆ ನಿಪ್ಪಾಣಿಯಲ್ಲಿ ನೆಂಟರ ಮನೆಗೆ ಹೋಗುವುದಿತ್ತು. ಬಸ್ಸಿನಲ್ಲಿ ಮಗಳು ಕೆಳತುಟಿ ಹೊರಗೆ ಹಾಕಿದ ಕೂಡಲೇ ಇವರು ಪೇಪರಮಿಂಟಿಗೆ ಕೈ ಹಾಕಿದರು. ಅಷ್ಟರಲ್ಲಿ ಅತ್ತೆ ತಮ್ಮ ಬಲಗೈಯ ಐದು ಬೆರಳು ಎತ್ತಿ ಅವಳ ಮುಖದ ಮುಂದೆ ಹಿಡಿದರು. ಹೆಬ್ಬೆರಳು ಅತ್ತೆ, ಉಳಿದ ನಾಲ್ಕು ಸೊಸೆಯಂದಿರು. ಮುಂಜಾನೆ ಎದ್ದು ಐವರೂ ನಳದ ನೀರಿಗೆ ಹೋಗುತ್ತಾರೆ. ಯಾರ ಕೊಡ ಮೊದಲು ಎಂದು ಜಗಳ ಹತ್ತುತ್ತದೆ. ಕಿರುಬೆರಳಿನ ಸೊಸೆ ಬಹಳ ಚಾಲೂಕು. ಹೆಬ್ಬೆರಳಿನ ಅತ್ತೆಗೆ ಕಿವಿ ಕೇಳುವುದಿಲ್ಲ, ಆದರೆ ಕೇಳಬಾರದ್ದು ಮಾತ್ರ ಕೇಳುತ್ತದೆ. ಚಿಕ್ಕೋಡಿ ದಾಟಿದರೂ ಕೊಡ ತುಂಬಿರಲಿಲ್ಲ. ಮಗಳು ಕಣ್ಣು ಮಿಟುಕಿಸಿರಲಿಲ್ಲ. ಹಿಂದಿನ ಸೀಟಿನಲ್ಲಿ ಹೋರಿ ವ್ಯಾಪಾರಿಗಳಿಬ್ಬರು ಮುಂದಕ್ಕೆ ಬಾಗಿ ಕೇಳುತ್ತಿದ್ದರು. ಉಂಗುರದ ಬೆರಳಿನ ಸೊಸೆ ಯಾರನ್ನು ಹೋಲುತ್ತಾಳೆ ಎಂಬುದು ನನಗೆ ಗೊತ್ತಾಯಿತು.

ನಿಪ್ಪಾಣಿಯಲ್ಲಿ ಇಳಿದವರೇ ನನ್ನ ಗಂಡ ತಖ್ತೆಯನ್ನು ಮಡಚಿ ಒಳಗಿಟ್ಟು, "ಯವ್ವಾ, ನೀನೂ ಸಿಂಗಾಪುರಕ್ಕ ಬರಬೇಕು," ಎಂದರು.

"ಮೂಡಣಕ್ಕ ನಂದು ಶಿಖರ್ಜಿಗೆ ಮುಗೀತಪಾ," ಎಂದರು ಅತ್ತೆ.

ಈ ಮಾತು ಬಿಡಿಸಿ ಹೇಳಬೇಕು. ಮಾವ ತೀರಿಕೊಂಡ ವರ್ಷ ಅತ್ತೆ ಮುನಿ ಮಹಾರಾಜರ ಮುಂದೆ ದಿಗ್ವ್ರತ ತೆಗೆದುಕೊಂಡಿದ್ದರು. ಇನ್ನು ಮುಂದೆ ಯಾವ ದಿಕ್ಕಿಗೆ ಎಲ್ಲಿಯವರೆಗೆ ಹೋಗುತ್ತೇನೆ ಎಂದು ಮಿತಿ ಹಾಕಿಕೊಳ್ಳುವ ವ್ರತ ಅದು. ಒಮ್ಮೆ ಹಾಕಿಕೊಂಡರೆ ಸಾಯುವವರೆಗೆ ದಾಟುವಂತಿಲ್ಲ. ಮೂಡಣಕ್ಕೆ ಬಿಹಾರದ ಕಡೆಯ ನಮ್ಮ ತೀರ್ಥ, ಸಮ್ಮೇದ ಶಿಖರ್ಜಿ. ತೆಂಕಣಕ್ಕೆ ಶ್ರವಣಬೆಳಗೊಳ. ಪಡುವಣಕ್ಕೆ ಮುಂಬಯಿಯ ಸಮುದ್ರ. ಬಡಗಣಕ್ಕೆ ಏನಿದೆ ಎಂದು ಅವರಿಗೆ ಗೊತ್ತಿರಲಿಲ್ಲ, "ಹಿಮಾಲಯ" ಎಂದುಬಿಟ್ಟಿದ್ದರು. ಮೇಲೆ, ಕೆಳಗೆ ಎಂದೂ ಎರಡು ದಿಕ್ಕು ಇರುತ್ತವೆ. ಕೆಳಗೆ ನಮ್ಮ ಬಾವಿಯ ತಳ. ಮೇಲೆ ಶಿಖರ್ಜಿಯ ಬೆಟ್ಟದ ತುದಿ. ಅದನ್ನು ಅವರು ಒಮ್ಮೆ ಕಾಲ್ನಡಿಗೆಯಲ್ಲಿ ಹತ್ತಿದ್ದರು. ಅದಕ್ಕಿಂತ ಮೇಲೆ ತಮಗೇನು ಕೆಲಸ ಎಂದಿದ್ದರು.

ಹಾಗಾಗಿ ಸಿಂಗಾಪುರ ಹೋಯಿತು, ವಿಮಾನವೂ ಹೋಯಿತು. ಅತ್ತೆ ಬಾರದಿದ್ದರೆ ಮಗಳನ್ನು ಕಾಗವಾಡದ ಆಚೆಗೆ ಒಯ್ಯಲಾಗದು, ಮಗಳನ್ನು ಒಯ್ಯದಿದ್ದರೆ ತಂಬಾಕಿನವನು ಗೆದ್ದ ಹಾಗೆ. ಇವರು ನಾಲ್ಕು ದಿನ ತೋಟಕ್ಕೂ ಸರಿಯಾಗಿ ಹೋಗಲಿಲ್ಲ. ಐದನೇ ದಿನ ಹಿಂದಿನ ಓಣಿಯ ನಿವೃತ್ತ ಮಾಸ್ತರರ ಹತ್ತಿರ ಹೋಗಿ ನಕಾಶೆಯ ಪುಸ್ತಕ ಕಡ ತಂದರು. ಮಾಸ್ತರರು ಅದಕ್ಕೆ ಮೂರು ಪದರ ರಟ್ಟು ಹಾಕಿಟ್ಟಿದ್ದರು. ಕೊಡುವಾಗ, "ಪುಟ ತಿರವುವಾಗ ಉಗುಳ ಹಚ್ಚಬ್ಯಾಡ," ಎಂದು ಹೇಳಿದ್ದರಂತೆ.

"ನೇಪಾಳ!" ಎಂದು ಅಡಿಗೆಮನೆಗೆ ಓಡಿ ಬಂದರು. "ಬಡಗಣಕ್ಕ ಹಿಮಾಲಯಕ್ಕಿಂತ ಈಚೀಕ. ಮೂಡಣಕ್ಕ ಶಿಖರ್ಜಿಗಿಂತ ಒಂದ ಎಳಿ ಈಚೀಕ. ವಿಮಾನ ಬ್ಯಾಡ, ರೈಲು ಮತ್ತ ಬಸ್ಸು. ಪಾಸ್‌ಪೋರ್ಟೂ ಬ್ಯಾಡ."

ಸುದ್ದಿ ನಿಪ್ಪಾಣಿಗೆ ಮುಟ್ಟಿತು. ತಂಬಾಕಿನವನು ಬೇಕೆಂತಲೇ ಬಂದ. "ನೇಪಾಳ ಪರದೇಶ ಹೆಂಗ ಆಗ್ತೈತೋ? ಪಾಸ್‌ಪೋರ್ಟ್ ಬೇಡದ್ದು ಪರದೇಶ ಏನು? ಅದು ಮಿರಜ ಇದ್ದಂಗ."

"ಅಲ್ಲಿ ರಾಜಾ ಅದಾನ," ಎಂದರು ಇವರು. "ನಿನ್ನ ಸಿಂಗಾಪುರಕ್ಕ ರಾಜಾ ಅದಾನೇನ್ಲೇ?"

ಅವನು ಚಹಾ ಅರ್ಧಕ್ಕೆ ಬಿಟ್ಟು ಎದ್ದು ಹೋದ. ಆ ದಿನ ಇವರು ಎರಡು ರೊಟ್ಟಿ ಹೆಚ್ಚು ತಿಂದರು.

ಮರುದಿನ ನನ್ನನ್ನು ದ್ರಾಕ್ಷಿ ಒಣಗಿಸುವ ಶೆಡ್ಡಿಗೆ ಕರೆದರು. ಮುಖ ಬಿದ್ದಿತ್ತು. ನಕಾಶೆಯ ಪುಸ್ತಕದ ಕೊನೆಯ ಪುಟಗಳಲ್ಲಿ ಬೆಟ್ಟಗಳ, ಊರುಗಳ ಎತ್ತರ ಸಣ್ಣ ಅಕ್ಷರದಲ್ಲಿ ಇದ್ದವು. ಎರಡು ಕಡೆ ಪೆನ್ಸಿಲಿನಿಂದ ಗೆರೆ ಎಳೆದು, ಅಂಚಿನಲ್ಲಿ ಒಂದರಿಂದ ಒಂದನ್ನು ಕಳೆದಿದ್ದರು. ಶಿಖರ್ಜಿಯ ತುದಿಗಿಂತ ಕಾಠ್ಮಂಡು ಊರೇ ಸುಮಾರು ನೂರು ಅಡಿ ಮೇಲಿತ್ತು.

"ನೂರ ಅಡಿ," ಎಂದರು. "ನಮ್ಮ ಬಾವಿ ಎರಡು ಸಲ. ಅಷ್ಟ."

"ಅತ್ತಿಯವ್ರಿಗೆ ಹೇಳ್ರಿ," ಎಂದೆ.

"ಹೇಳಿದ್ರ ಬರೂದಿಲ್ಲ."

"ಹೇಳದಿದ್ರ ವ್ರತಾ ಮುರೀತೈತಿ."

"ನೂರ ಅಡೀನ ಯಾರ ಅಳೀತಾರ? ನೆಲದ ಮ್ಯಾಲ ಇರ್ತೀವಿ, ಹಾರೂದಿಲ್ಲ. ಬಂದ ಮ್ಯಾಲ ನಾನ ಹೇಳ್ತೀನಿ. ಆಣಿ."

ಬಂದ ಮೇಲೆ ಹೇಳುತ್ತೇನೆ ಎಂದರಲ್ಲ, ಅದೇ ಸುಳ್ಳು. ನೂರು ಅಡಿಯದಲ್ಲ. ನಾನು ಅದಕ್ಕೆ ಒಪ್ಪಿದೆ. ನನಗೂ ಒಮ್ಮೆ ಈ ಸೀಮೆ ಬಿಟ್ಟು ಎಲ್ಲಿಗಾದರೂ ಹೋಗಬೇಕಾಗಿತ್ತು. ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ತವರು ದಿಗ್ಗೇವಾಡಿ, ಗಂಡನ ಮನೆ ಕಾಗವಾಡ. ನನಗೆ ಯಾರೂ ವ್ರತ ಕೊಟ್ಟಿರಲಿಲ್ಲ, ಆದರೂ ನಾನು ಕೃಷ್ಣೆಯ ಎರಡು ದಂಡೆ ಬಿಟ್ಟು ಆಚೆ ಹೋದವಳಲ್ಲ.

ಬೇಸಿಗೆಯಲ್ಲಿ ಹೊರಟೆವು. ಮಿರಜದಿಂದ ಮುಂಬಯಿ, ಅಲ್ಲಿಂದ ಗೋರಖಪುರ. ತಖ್ತೆಯ ಮೂರು ದಿನದ ಉಪಾಯಗಳು ಪುಣೆಗೇ ಮುಗಿದವು. ಗಿರಿಗಿಟ್ಟಿ ಫ್ಯಾನಿಗೆ ಸಿಕ್ಕಿ ಚೂರಾಯಿತು. ಉಳಿದ ದಾರಿಯೆಲ್ಲ ಐದು ಬೆರಳುಗಳ ಮೇಲೆ ಸಾಗಿತು. ಇಟಾರಸಿಯಲ್ಲಿ ನಡುಬೆರಳಿನ ಸೊಸೆ ತವರಿಗೆ ಹೋದಳು, ಅಲಹಾಬಾದಿನಲ್ಲಿ ತಿರುಗಿ ಬಂದಳು. ಅವಳ ಕೊಡವನ್ನು ಯಾರೋ ಕದ್ದಿದ್ದರು. ಭಾಷೆ ತಿಳಿಯದ ಹಿಂದಿ ಮಕ್ಕಳು ಕೂಡ ಅತ್ತೆಯ ಸುತ್ತ ಸೇರಿ ನಳದ ಜಗಳ ನೋಡಿದವು. ಸೂರ್ಯ ಮುಳುಗುವ ಮೊದಲು ಅತ್ತೆ ಜಗಳ ನಿಲ್ಲಿಸಿ, ಬಟ್ಟೆಯಲ್ಲಿ ಸೋಸಿದ ನೀರು ಇಟ್ಟುಕೊಂಡು, ಊಟ ಮುಗಿಸುತ್ತಿದ್ದರು. ನಾನು ಶೇಂಗಾ ಬೆಲ್ಲದ ಉಂಡಿ ಕೊಟ್ಟರೆ ತಮ್ಮ ಪಾಲಿನದನ್ನೂ ಮೊಮ್ಮಗಳಿಗೇ ಕೊಟ್ಟರು. "ಹಲ್ಲ ನೋಯ್ತಾವು," ಎಂದರು.

ಗಡಿ ದಾಟಿ ಬಸ್ಸು ಬೆಟ್ಟ ಹತ್ತತೊಡಗಿತು. ನನ್ನ ಗಂಡ ಕಣಿವೆ ನೋಡಲಿಲ್ಲ, ನದಿ ನೋಡಲಿಲ್ಲ, ತಾಯಿಯ ಮುಖವನ್ನೇ ನೋಡುತ್ತಿದ್ದರು.

"ಎಟ್ಟ ಮ್ಯಾಲ ಬಂದೀವೋ?" ಎಂದರು ಅತ್ತೆ.

"ಇನ್ನೂ ಶಿಖರ್ಜಿಗಿಂತ ಕೆಳಗ ಅದೀವಿ ಯವ್ವಾ."

"ಕಿವಿ ಗುಂಯ್ ಅನ್ನಾಕತ್ತಾವಲ್ಲೋ."

"ಅದ ಗಾಳಿ."

"ಹೌದೇನು? ಶಿಖರ್ಜ್ಯಾಗೂ ಹಿಂಗ ಅಂದಿದ್ದುವು," ಎಂದು ಅತ್ತೆ ಬೆರಳುಗಳ ಕಡೆ ತಿರುಗಿದರು. ಇವರು ಹಣೆ ಒರೆಸಿಕೊಂಡರು. ಹೊರಗೆ ಚಳಿ ಇತ್ತು.

ಕಾಠ್ಮಂಡುವಿನಲ್ಲಿ ಮಗಳು ತಾಸಿಗೊಮ್ಮೆ, "ಪರದೇಶ ಯಾವಾಗ ಬರತೈತಿ?" ಎಂದು ಕೇಳುತ್ತಿದ್ದಳು. ಬಂದಿದೆ ಎಂದರೆ ನಂಬಲಿಲ್ಲ. ಇಲ್ಲಿಯೂ ಆಕಳು ರಸ್ತೆಯಲ್ಲಿ ಮಲಗಿದ್ದವು, ಇಲ್ಲಿಯೂ ಗುಡಿಯ ಮುಂದೆ ಚಪ್ಪಲಿ ಕಾಯಬೇಕಾಗಿತ್ತು. ಕೊನೆಗೆ ಒಂದು ಮಂಗ ಅವಳ ಒಂದು ಚಪ್ಪಲಿ ಎತ್ತಿಕೊಂಡು ಗುಡಿಯ ಮೇಲೆ ಹತ್ತಿ ಕುಳಿತಾಗ, ಅವಳಿಗೆ ಪರದೇಶ ಸಿಕ್ಕಿತು. ಇಂದಿಗೂ ಅವಳಿಗೆ ನೆನಪಿರುವ ನೇಪಾಳ ಅಷ್ಟೇ. ಈಗ ಬೆಳಗಾವಿಯಲ್ಲಿ ಕಾಲೇಜಿಗೆ ಹೋಗುತ್ತಾಳೆ. ಆ ಮಂಗನ ಕಥೆಯನ್ನು ಗೆಳತಿಯರಿಗೆ ನನ್ನ ಕಣ್ಣ ಮುಂದೆಯೇ ಹೇಳುವಾಗ ಮಂಗ ಪ್ರತಿ ಸಲ ಸ್ವಲ್ಪ ದೊಡ್ಡದಾಗುತ್ತದೆ.

ಒಂದು ಮುಂಜಾನೆ, ಮಳೆಯಾಗಿ ಆಕಾಶ ತಿಳಿಯಾದ ಮೇಲೆ, ದೂರದಲ್ಲಿ ಬೆಳ್ಳಗೆ ಹಿಮದ ಬೆಟ್ಟ ಕಂಡಿತು. ಇವರು ಹಿಗ್ಗಿ ಹೀರೇಕಾಯಿಯಾದರು. "ಅಕಾ ನೋಡ ಯವ್ವಾ, ನಿನ್ನ ಮಿತಿ! ನಾವ ಈಚೀಕ ಅದೀವಿ."

ಅತ್ತೆ ಕೈ ಮುಗಿದರು. "ಅಡ್ಡ ಸರಿ ಐತಿ," ಎಂದರು. "ಎತ್ತರದ್ದು ಹೆಂಗೋ?"

ಇವರಿಗೆ ದೊಡ್ಡ ಕೆಮ್ಮು ಬಂತು. ಆ ಕೆಮ್ಮು ತಿರುಗಿ ಕಾಗವಾಡ ಮುಟ್ಟುವವರೆಗೂ ಆಗಾಗ ಬರುತ್ತಿತ್ತು.

ಊರಿಗೆ ಬಂದ ಮೇಲೆ ಹೇಳಲಿಲ್ಲ. ಚಾಟ್ನಿ ಮುಗಿಯಲಿ ಎಂದರು, ದೀಪಾವಳಿ ಆಗಲಿ ಎಂದರು, ಆಮೇಲೆ ನಾನು ಕೇಳುವುದನ್ನೂ ಬಿಟ್ಟೆ. ಅಲ್ಲಿಯ ರಾಜನ ಅರಮನೆಯ ಬಾಗಿಲಿನ ಮುಂದೆ ತೆಗೆಸಿದ ಫೋಟೋ ನಿಪ್ಪಾಣಿಗೆ ಹೋಗಿ, ಎಲ್ಲರ ಕೈ ದಾಟಿ ಬಂತು. ಅದರಲ್ಲಿ ಮಗಳು ಒಂದೇ ಚಪ್ಪಲಿ ಹಾಕಿಕೊಂಡು ನಗುತ್ತಿದ್ದಾಳೆ.

ಇನ್ನೊಂದು ವಿಷಯ ಆಗ ನಾನು ಇದರ ಜೊತೆ ಜೋಡಿಸಿ ನೋಡಲಿಲ್ಲ. ಪ್ರತಿ ವರ್ಷ ನಮ್ಮ ಗಾಣದಲ್ಲಿ ಮೊದಲ ಕಡಾಯಿ ಇಳಿದ ದಿನ ಇವರು ಬಿಸಿ ಬೆಲ್ಲವನ್ನು ಬಾಳೆ ಎಲೆಯಲ್ಲಿ ಹಾಕಿಕೊಂಡು ತಾಯಿಗೆ ತರುತ್ತಿದ್ದರು. ನೇಪಾಳದಿಂದ ಬಂದ ವರ್ಷದಿಂದ ಅತ್ತೆ ಅದನ್ನು ಮುಟ್ಟುವುದನ್ನು ಬಿಟ್ಟರು. "ಸಕ್ರಿ ರೋಗ ಏನಾರ ಬಂದೈತೇನ ನಿಂಗ?" ಎಂದು ಇವರು ರೇಗುತ್ತಿದ್ದರು. "ಮಗ ತಂದದ್ದ ತಿನ್ನಾಕೇನ ಧಾಡಿ?" ಅತ್ತೆ, "ಒಲ್ಲೆಪಾ," ಎನ್ನುತ್ತಿದ್ದರು, ಅಷ್ಟೇ. ಹತ್ತು ವರ್ಷ ಹತ್ತು ಸಲ ಇದೇ ಜಗಳ ನಡೆಯಿತು. ಹನ್ನೊಂದನೇ ಸಲಕ್ಕೆ ಇವರು ಇರಲಿಲ್ಲ. ಕಳೆದ ಅಕ್ಟೋಬರಿನಲ್ಲಿ ದ್ರಾಕ್ಷಿ ಬಳ್ಳಿಯ ಕೆಳಗೆ ಕತ್ತರಿ ಕೈಯಲ್ಲಿ ಹಿಡಿದು ಕುಳಿತವರು ಏಳಲಿಲ್ಲ. ಅರ್ಧ ಸಾಲು ಕತ್ತರಿಸಿದ್ದರು. ದಹನ ಮುಗಿಸಿ ಬಂದವರೇ ಯಾರೋ ಉಳಿದ ಅರ್ಧವನ್ನು ಕತ್ತರಿಸಿ ಮುಗಿಸಿದರು. ದ್ರಾಕ್ಷಿ ಯಾರಿಗೂ ಕಾಯುವುದಿಲ್ಲ.

ತಂಬಾಕಿನವನು ಎಲ್ಲರಿಗಿಂತ ಹೆಚ್ಚು ಅತ್ತ. "ಅವ ಅಂದದ್ದ ಖರೆ ಐತಿ ನೋಡವ್ವಾ," ಎಂದು ಮೂಗು ಒರೆಸಿಕೊಂಡ. "ನೇಪಾಳನೂ ಪರದೇಶನ." ಹತ್ತು ವರ್ಷದ ಹಿಂದೆ ಇದನ್ನು ಹೇಳಿದ್ದರೆ ಇವರು ಇನ್ನೆರಡು ರೊಟ್ಟಿ ತಿನ್ನುತ್ತಿದ್ದರು.

ಮೊನ್ನೆ ಮತ್ತೊಬ್ಬ ಹೆಂಗಸು ಬಂದು ಅದೇ ಪ್ರಶ್ನೆ ಕೇಳಿ ಹೋದಳು. ಇಳಿಹೊತ್ತು. ಅತ್ತೆ ಪಡಸಾಲೆಯಲ್ಲಿ ಬೀಜದ ಶೇಂಗಾ ಒಡೆಯುತ್ತಿದ್ದರು. ನಾನು ಎದುರು ಕುಳಿತು ಎಲ್ಲ ಹೇಳಿಬಿಟ್ಟೆ. ಶೆಡ್ಡು, ಪೆನ್ಸಿಲು, ನೂರು ಅಡಿ, ಆಣೆ.

ಅತ್ತೆಯ ಕೈ ನಿಲ್ಲಲಿಲ್ಲ. "ಗೊತ್ತೈತಿ ಬಿಡು," ಎಂದರು.

"ಯಾವಾಗಿಂದ್ರಿ?"

"ಹೋಗೂಕಿಂತ ಮೊದ್ಲ. ಮಾಸ್ತರ ಬಂದಿದ್ದ, ನಿನ್ನ ಮಗ ನನ್ನ ಪುಸ್ತಕದಾಗ ಗೆರಿ ಎಳದಾನ ಅಂತ ಬೈಯಾಕ. ಎಲ್ಲಿ ಎಳದಾನ ತೋರಸು ಅಂದೆ. ಕಳದದ್ದೂ ತೋರಿಸಿದ."

"ಮತ್ತ ಯಾಕ ಬಂದ್ರಿ ಅತ್ತಿ?"

"ನಾ ಬರದಿದ್ರ ಹುಡುಗಿ ಸುಮ್ನ ಕುಂಡ್ರತಿತ್ತೇನು? ಮತ್ತ ಆ ತಂಬಾಕಿನವನ ಮುಂದ ಇವನ ಮಾರಿ ಎಟ್ಟ ಆಗ್ತಿತ್ತು?" ಒಂದು ಕಾಯಿ ಒಡೆದರು. "ಮಿತಿ ದಾಟಿದ್ರ ಪ್ರಾಯಶ್ಚಿತ್ತ ಏನಂತ ಮಹಾರಾಜರ್ನ ಕೇಳಿದೆ. ಒಂದ ರುಚಿ ಬಿಡು ಅಂದ್ರು. ಎಂದಿನತನಾ ಅಂತ ನೀನ ಹೇಳು ಅಂದ್ರು. ಮಗಾ ತನ್ನ ಬಾಯ್ಲೆ ಹೇಳೂತನಾ ಬೆಲ್ಲಾ ಒಲ್ಲೆ ಅಂದೆ. ಹತ್ತ ದಿನಾ ಆದೀತು ಅಂತ ಮಾಡಿದ್ದೆ."

ಬಸ್ಸಿನಲ್ಲಿ ಕೇಳಿದ್ದು, ಹಿಮದ ಬೆಟ್ಟದ ಮುಂದೆ ಕೇಳಿದ್ದು, ಹತ್ತು ಸಲ ಬೆಲ್ಲದ ಎಲೆ ಹಿಂದೆ ಸರಿಸಿದ್ದು ಎಲ್ಲ ನನಗೆ ಒಟ್ಟಿಗೆ ತಿಳಿಯಿತು. ತಾಯಿ ಮಗ ಇಬ್ಬರೂ ಒಂದೇ ಮನೆಯಲ್ಲಿ, ಒಂದೇ ಮಾತನ್ನು, ಒಬ್ಬರಿಂದೊಬ್ಬರು ಮುಚ್ಚಿಟ್ಟುಕೊಂಡು ಕುಳಿತಿದ್ದರು.

"ನಿನ್ನ ಗಂಡ ಭಾಳ ಹಟಮಾರಿ," ಎಂದರು ಅತ್ತೆ. ಈಗ ಕೈ ನಿಂತಿತು. "ಹೇಳದನ ಹೋದ ನೋಡು."

ಸ್ವಲ್ಪ ಹೊತ್ತು ಇಬ್ಬರೂ ಅತ್ತೆವು. ಎಂಟು ತಿಂಗಳಲ್ಲಿ ಜನರ ಸಲುವಾಗಿ ಅಲ್ಲದೆ ಅತ್ತದ್ದು ಅದೇ ಮೊದಲು. ಆಮೇಲೆ ನಾನು ಒಳಗೆ ಹೋಗಿ, ಈ ವರ್ಷದ ಬೆಲ್ಲದ ಒಂದು ತುಣುಕನ್ನು ವಾಟಿಯಲ್ಲಿ ಹಾಕಿಕೊಂಡು ಬಂದೆ.

"ಅವರ ಪರವಾಗಿ ನಾ ಹೇಳೀನಿ," ಎಂದೆ. "ತಿನ್ರಿ."

"ಗಂಡನ ಬದ್ಲಿ ಹೇಂತಿ ಹೇಳಿದ್ರ ನಡೀತೈತೇನು?"

"ರೇಷನ್ ಅಂಗಡ್ಯಾಗ ನಡೀತೈತ್ರಿ."

ಅತ್ತೆ ಸೆರಗು ಬಾಯಿಗೆ ಹಿಡಿದುಕೊಂಡು ನಕ್ಕರು. ವಾಟಿ ತೆಗೆದುಕೊಂಡು ಮೂಸಿ ನೋಡಿದರು. ಬಹಳ ಹೊತ್ತು ಮೂಸಿದರು. ಆಮೇಲೆ ಬಾಗಿಲಿನ ಹೊರಗೆ ನೋಡಿದರು. ಎದುರಿನ ಕಬ್ಬಿನ ಹಿಂದೆ ಸೂರ್ಯ ಮುಳುಗಿ ಹೋಗಿದ್ದ.

"ಹೊತ್ತ ಮುಣಗಿತು," ಎಂದು ವಾಟಿ ನನಗೆ ಕೊಟ್ಟರು. "ನಾಳೆ ಮುಂಜಾನೆ ನೋಡೂಣು. ಇರಿವಿ ಹತ್ತದಂಗ ಮ್ಯಾಲ ಇಡು."

ನಾನು ಅಡಿಗೆಮನೆಯ ನೆಲುವಿನವರೆಗೆ ಹೋಗಿರಲಿಲ್ಲ, ಹಿಂದಿನಿಂದ ಕೂಗಿದರು.

"ಏ ಹುಡುಗಿ, ಭಾಳ ಮ್ಯಾಲ ಇಡಬ್ಯಾಡಬೇ. ನಂದು ಮಿತಿ ಐತಿ."